ಗಣಿತಕ್ಕೆ ಅಂತ ಜರ್ಮನಿಗೆ ಹೊರಟವರಿಗೆ, ಸರಸ್ವತಿಪುರಂನಿಂದ

ಜುಲೈ ಕೊನೆಗೆ ಜರ್ಮನಿಯಲ್ಲಿ ನಾನು ಗಣಿತ ಕಲಿಸುವ ಯೂನಿವರ್ಸಿಟಿಯಲ್ಲಿ ಪಾಠ ಮುಗಿಯುತ್ತದೆ. ಆಗಸ್ಟ್ ಮೊದಲ ವಾರ ನಾನು ಮೈಸೂರಿನ ಮನೆಯಲ್ಲಿರುತ್ತೇನೆ. ಮತ್ತೆ ಪಾಠ ಶುರುವಾಗೋದು ಅಕ್ಟೋಬರ್ ನಡುವೆ. ದಸರಾ ಬೇಗ ಬಂದ ವರ್ಷ ಜಂಬೂಸವಾರಿ ನೋಡಿಕೊಂಡೇ ವಿಮಾನ ಹತ್ತುತ್ತೇನೆ, ತಡವಾದರೆ ಫೋನಿನಲ್ಲೇ ಆನೆ.

ಈ ರಜದಲ್ಲಿ ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿಯಿಂದ ಪಿಎಚ್‌ಡಿಗೆ ಹೊರಟ ಒಬ್ಬಿಬ್ಬರು ಹುಡುಕಿಕೊಂಡು ಬರುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕುತ್ತಾ ಮಾತಾಡುತ್ತೇವೆ. ಈ ಸಲ ಮಂಡ್ಯದ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ಅವಳು ಕೇಳಿದ್ದು ಟೋಪಾಲಜಿ, ಅಂದರೆ ಎಳೆದು ಬಗ್ಗಿಸಿದರೂ ಬದಲಾಗದ ಆಕಾರದ ಗುಣಗಳ ಗಣಿತದ ಬಗ್ಗೆ. ಅಪ್ಪ ಕೇಳಿದ್ದು, "ಸಾ, ಅಲ್ಲಿ ಮುದ್ದೆಗೇನ್ ಮಾಡ್ತೀರಾ?"

ಅಪ್ಪನ ಪ್ರಶ್ನೆಯೇ ಮೊದಲು. ರಾಗಿಹಿಟ್ಟು, ಸಾರಿನ ಪುಡಿ ಒಯ್ಯಬಹುದು. ತುಪ್ಪ, ಖೋವಾ ಬೇಡ. ಯುರೋಪಿನ ಹೊರಗಿಂದ ಹಾಲಿನ ಪದಾರ್ಥ ತರುವಂತಿಲ್ಲ. ಮೈಸೂರುಪಾಕಿನ ಬಗ್ಗೆ ನನ್ನನ್ನು ಕೇಳಬೇಡಿ, ಅದರಲ್ಲಿ ಪಾಕಕ್ಕಿಂತ ತುಪ್ಪವೇ ಜಾಸ್ತಿ ಅಲ್ವಾ.

ಆಮೇಲೆ ಹೆಸರು. ಇದು ಸಣ್ಣ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ನನಗೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಇದಕ್ಕೆ ಅನ್‌ಮೆಲ್ಡುಂಗ್ ಅನ್ನುತ್ತಾರೆ. ಅದಾದ ಮೇಲೆ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ. ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರೋದಿಲ್ಲ. ಪೋಸ್ಟ್‌ಮ್ಯಾನ್ ನೋಡೋದು ಕೆಳಗಿನ ಡಬ್ಬಿ ಮೇಲಿನ ಹೆಸರು ಮಾತ್ರ. ಮನೆ ಓನರ್ ನನ್ನ ಡಬ್ಬಿಗೆ ನಮ್ಮೂರಿನ ಹೆಸರು ಅಂಟಿಸಿದ್ದರು! ತಪ್ಪು ಅಂತ ಗೊತ್ತಿತ್ತು. ಹೇಳೋಕೆ ಸಂಕೋಚ, ಸುಮ್ನಿದ್ದೆ. ಕಾಗದ ವಾಪಸ್ ಹೋಯಿತು. ತೆರಿಗೆ ನಂಬರ್ ಇಲ್ಲದವರಿಗೆ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯುತ್ತಾರೆ. ಮೊದಲ ಸಂಬಳ ನೋಡಿ ಹೊಟ್ಟೆ ಉರಿದು ಹೋಯಿತು. ಆಮೇಲೆ ಸರಿಯಾಯಿತು ಬಿಡಿ, ಆದರೆ ಎರಡು ತಿಂಗಳು ಬರೀ ಅನ್ನ, ಮೊಸರು.

ಹಾಗೆಯೇ ಮೊದಲ ಪೇಪರ್ ಕಳಿಸುವ ಮುಂಚೆ ನಿಮ್ಮ ಹೆಸರಿನ ಒಂದು ಸ್ಪೆಲಿಂಗ್ ಗಟ್ಟಿ ಮಾಡಿಕೊಳ್ಳಿ. ಕೆಲಸಕ್ಕೆ ಅರ್ಜಿ ಹಾಕಿದರೆ ಎಲ್ಲರೂ ಹುಡುಕುವುದು ಅದನ್ನೇ.

ಅಲ್ಲಿ ಪಿಎಚ್‌ಡಿ ಅಂದರೆ ಹೆಚ್ಚಾಗಿ ನೌಕರಿ. ಕರಾರು ಪತ್ರ, ಸಂಬಳ, ಆರೋಗ್ಯ ವಿಮೆ, ಪಿಂಚಣಿ ಕಡಿತ ಎಲ್ಲ ಇರುತ್ತದೆ. ಎಷ್ಟೋ ಸಲ ಅರ್ಧ ಅಥವಾ ಮುಕ್ಕಾಲು ಹುದ್ದೆ. ಎಷ್ಟು ಅಂತ ಮೊದಲೇ ಕೇಳಿ, ಗೈಡ್ ಬೇಜಾರು ಮಾಡಿಕೊಳ್ಳೋದಿಲ್ಲ.

ಪ್ರೊಫೆಸರ್ ಬದುಕು ಹೇಗೆ ಅಂತ ಹುಡುಗಿ ಕೇಳಿದಳು. ಯೂನಿವರ್ಸಿಟಿಯಲ್ಲಿ ಪಾಠದ ಹೊರೆ ಸಾಮಾನ್ಯವಾಗಿ ವಾರಕ್ಕೆ 8-9 ಗಂಟೆ, ಅದೂ 45 ನಿಮಿಷದ ಗಂಟೆ. ನನ್ನ ಸೋದರಮಾವನಿಗೆ ಇದು ಇಷ್ಟು ವರ್ಷವಾದರೂ ಜೀರ್ಣವಾಗಿಲ್ಲ. "ಮಿಕ್ಕ ಹೊತ್ತು ಏನ್ಮಾಡ್ತೀಯೋ?" ಅನ್ನುತ್ತಾರೆ. ಮಿಕ್ಕ ಹೊತ್ತು ಮೌಖಿಕ ಪರೀಕ್ಷೆ, ಬೇರೆಯವರ ಪೇಪರ್ ಓದಿ ತಪ್ಪು ಹುಡುಕೋದು, ಶಿಫಾರಸು ಪತ್ರ, ಮೀಟಿಂಗು. ಉಳಿದರೆ ಗಣಿತ.

ಕ್ಲಾಸು ಹತ್ತಕ್ಕೆ ಅಂತ ಹಾಕಿ ಪಕ್ಕದಲ್ಲಿ ಸಿ.ಟಿ. ಅಂತಿದ್ದರೆ ಶುರುವಾಗೋದು 10:15ಕ್ಕೆ. ಮೈಸೂರಿನವರಿಗೆ ಹಿಡಿಸುವ ಪದ್ಧತಿ. ಆದರೆ 10:16ಕ್ಕೆ ಹೋದರೆ ನೀವೊಬ್ಬರೇ ತಡ. ಬೋರ್ಡನ್ನು ನಾವೇ ಒದ್ದೆ ಸ್ಪಂಜಿನಲ್ಲಿ ಒರೆಸಿ, ಕಾರಿನ ಗಾಜು ಒರೆಸುವಂಥ ರಬ್ಬರ್ ಪಟ್ಟಿಯಲ್ಲಿ ನೀರು ಎಳೆಯಬೇಕು. ಅಟೆಂಡರ್ ಬರೋದಿಲ್ಲ. ಒದ್ದೆ ಬೋರ್ಡಿನ ಮೇಲೆ ಆತುರದಲ್ಲಿ ಬರೆದರೆ ಅಕ್ಷರವೇ ಕಾಣೋದಿಲ್ಲ.

ನನ್ನ ಮೊದಲ ಪಾಠ ಮುಗಿದಾಗ ಅರವತ್ತು ಹುಡುಗರು ಒಟ್ಟಿಗೆ ಬೆಂಚು ಬಡಿಯೋಕೆ ಶುರು ಮಾಡಿದರು. ನಾವು ಓದುವಾಗ ಬೆಂಚು ಬಡಿದರೆ ಮೇಷ್ಟ್ರನ್ನು ಓಡಿಸುತ್ತಿದ್ದೇವೆ ಅಂತಲೇ ಅರ್ಥ. ಮುಖ ಕೆಂಪಾಗಿ ಚೀಲ ಎತ್ತಿಕೊಂಡು ಹೊರಟೆ. ಅಲ್ಲಿ ಅದು ಚಪ್ಪಾಳೆ ಅಂತ ಸಹೋದ್ಯೋಗಿ ಹೇಳಿದ್ದು ಮಧ್ಯಾಹ್ನ ಊಟದಲ್ಲಿ.

ಸೆಮಿನಾರಿನಲ್ಲಿ ಪ್ರಶ್ನೆ ಇದ್ದರೆ ನಡುವೆಯೇ ಕೇಳಿ. ನಮ್ಮ ಹಾಗೆ ಟೀ ಹೊತ್ತಿನವರೆಗೆ ಕಾದು, ಮೂಲೆಯಲ್ಲಿ ಹಿಡಿದು ಮೆಲ್ಲಗೆ ಕೇಳಬೇಡಿ. ಸುಮ್ಮನಿದ್ದವನಿಗೆ ಎಲ್ಲ ಅರ್ಥವಾಗಿದೆ ಅಂದುಕೊಳ್ಳುತ್ತಾರೆ, ಮುಂದಿನ ವಾರ ಅದರ ಮೇಲೆ ಇನ್ನಷ್ಟು ಹೇರುತ್ತಾರೆ.

ಪ್ರಯಾಣ ತುಂಬ ಇರುತ್ತದೆ. ಹೊರಡುವ ಮುಂಚೆ ಪ್ರಯಾಣದ ಅರ್ಜಿಗೆ ಸಹಿ ಆಗಿರಬೇಕು. ಇಲ್ಲದಿದ್ದರೆ ದುಡ್ಡು ಬರೋದು ಕಷ್ಟ. ಟಿಕೆಟ್, ಹೋಟೆಲ್ ರಸೀದಿ ಬಿಸಾಡಬೇಡಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ನಾನು ಒಂದು ಇಡೀ ವರ್ಷ ಸ್ವಂತ ದುಡ್ಡಲ್ಲಿ ಓಡಾಡಿದ್ದೇನೆ. ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಜರ್ಮನಿಯ ವಾಸದ ಪರ್ಮಿಟ್ ಇದ್ದರೆ ಷೆಂಗೆನ್ ಒಪ್ಪಂದದ ಯುರೋಪಿನ ದೇಶಗಳಿಗೆ ಬೇರೆ ವೀಸಾ ಬೇಡ, ಇಂಗ್ಲೆಂಡಿಗೆ ಬೇಕು.

ಎಂದಾದರೊಂದು ದಿನ ಓಬರ್‌ವೋಲ್ಫಾಖ್‌ಗೆ ಆಹ್ವಾನ ಬರುತ್ತದೆ. ಬ್ಲ್ಯಾಕ್ ಫಾರೆಸ್ಟ್ ಕಾಡಿನಲ್ಲಿ 1944ರಿಂದ ಇರುವ ಗಣಿತ ಸಂಸ್ಥೆ. ವಾರಕ್ಕೆ ಸುಮಾರು ಐವತ್ತು ಜನ. ಊಟ, ವಸತಿ ಅವರದೇ. ಬಾಗಿಲಲ್ಲೇ ಬಾಯ್ ಸರ್ಫೇಸ್ ಅನ್ನುವ, ಟೋಪಾಲಜಿಯ ಒಂದು ಹೆಸರಾಂತ ಆಕಾರದ ದೊಡ್ಡ ಲೋಹದ ಮಾದರಿ ನಿಂತಿದೆ, ಟೋಪಾಲಜಿಯವರು ಅದರ ಪಕ್ಕ ಫೋಟೋ ತೆಗೆಸಿಕೊಳ್ಳದೆ ಬರೋದಿಲ್ಲ. ಊಟದ ಮೇಜಿನ ಮೇಲೆ ನಿಮ್ಮ ಹೆಸರಿರುವ ನ್ಯಾಪ್ಕಿನ್ ಚೀಲ ಇರುತ್ತದೆ. ಅದನ್ನು ಕಲಸಿ ಬೇರೆ ಬೇರೆ ಮೇಜಿಗೆ ಇಡುತ್ತಾರೆ. ಪಂಕ್ತಿಯಲ್ಲಿ ನಮ್ಮವರ ಪಕ್ಕವೇ ಎಲೆ ಹಿಡಿಯುವ ಆಟ ಅಲ್ಲಿ ನಡೆಯೋದಿಲ್ಲ. ಒಮ್ಮೆ ನನ್ನ ಪಕ್ಕ ಬಂದ ಹಿರಿಯರೊಬ್ಬರು ನಂಬರ್ ಥಿಯರಿಯವರು. ಮೈಸೂರು ಅಂದಿದ್ದೇ ತಡ, ಅಡಿಗ, ಭಾರ್ಗವ ಅಂದರು. ಅಮೆರಿಕದ ಗಣಿತಜ್ಞ ಬರ್ನ್ಟ್ ಜೊತೆ ಸೇರಿ ರಾಮಾನುಜನ್ ಅವರ ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯದ ಮೇಲೆ 1985ರಲ್ಲಿ ಬರೆದ ನಮ್ಮ ಗಂಗೋತ್ರಿಯ ಇಬ್ಬರು. ನಾನು ಅದನ್ನು ಓದಿರಲಿಲ್ಲ. ಹೊರಡುವ ಮುಂಚೆ ನೀವು ಒಮ್ಮೆ ತಿರುವಿ ಹಾಕಿ.

ಬುಧವಾರ ಮಧ್ಯಾಹ್ನ ಎಲ್ಲರೂ ಗುಡ್ಡ ಹತ್ತಿ ಸಾಂಕ್ಟ್ ರೋಮಾನ್ ಅನ್ನುವ ಹಳ್ಳಿಗೆ ನಡೆದು ಹೋಗಿ ಕೇಕ್ ತಿನ್ನುತ್ತಾರೆ. ಆ ಬ್ಲ್ಯಾಕ್ ಫಾರೆಸ್ಟ್ ಕೇಕಿಗೆ ಚೆರ್ರಿ ಹಣ್ಣಿನ ಸಾರಾಯಿ ಹಾಕಿರುತ್ತಾರೆ, ಬೇಡದವರು ನೋಡಿಕೊಳ್ಳಿ. ವೆಜಿಟೇರಿಯನ್ ಅಂತ ಮುಂಚೆಯೇ ತಿಳಿಸಿಬಿಡಿ.

ಇನ್ನೊಂದು. ಅಲ್ಲಿ ಯಾರಾದರೂ ಕಾಫಿ ಬೇಕಾ ಅಂದರೆ ಬೇಕು ಅನ್ನಿ. ಎರಡನೇ ಸಲ ಕೇಳೋದಿಲ್ಲ. ಇದನ್ನು ಹೇಳುತ್ತಾ ಮನೆ ಮುಟ್ಟಿದೆವು. ಅಮ್ಮ ಕಾಫಿ ಅಂದರು. "ಅಯ್ಯೋ ಬೇಡ ಅಜ್ಜಿ, ಈಗ ತಾನೇ ಕುಡಿದ್ವಿ" ಅಂದಳು ಹುಡುಗಿ. ಅಮ್ಮ ಆಗಲೇ ಮೂರು ಲೋಟ ತಂದಿಟ್ಟಾಗಿತ್ತು. ಅವಳ ಲೋಟವೇ ಮೊದಲು ಖಾಲಿ.