ಕಾಂಟ್ರಾಸ್ಟ್ ತೋರಿಸದ ಉರಿಯೂತ: ನನ್ನ ಅನುಭವ

ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು-ನರಗಳ ಮೇಲೆ ದಾಳಿ ಮಾಡುವ ಕಾಯಿಲೆ) ಇರುವವರ ಮೆದುಳಿನ ಎಂಆರ್‌ಐ ಓದಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಪ್ರೋಗ್ರೆಸಿವ್ ಎಂಎಸ್, ಅಂದರೆ ನಿಧಾನವಾಗಿ ಹೆಚ್ಚುತ್ತಲೇ ಹೋಗುವ ಬಗೆ ಆದರೆ ವರ್ಷಗಟ್ಟಲೆ ಒಂದೇ ಸಾಲು ಬರೆಯುತ್ತಿದ್ದೆ: 'ಹೊಸ ಲೀಷನ್ ಇಲ್ಲ, ಕಾಂಟ್ರಾಸ್ಟ್ ಹಿಡಿದಿಲ್ಲ.' ಲೀಷನ್ ಅಂದರೆ ಮೆದುಳಿನಲ್ಲಿ ಹಾನಿಯಾದ ಜಾಗ, ಕಾಂಟ್ರಾಸ್ಟ್ ಅಂದರೆ ಸ್ಕ್ಯಾನ್‌ಗಾಗಿ ರಕ್ತನಾಳಕ್ಕೆ ಚುಚ್ಚುವ ದ್ರವ. ಒಬ್ಬರು ಹಿಂದಿನ ಸಲ ಕೋಲು ಊರಿಕೊಂಡು ಬಂದಿದ್ದರು. ಆ ಸಲ ವೀಲ್‌ಚೇರ್‌ನಲ್ಲಿ ಬಂದರು. "ಸ್ಕ್ಯಾನ್ ಹಾಗೇ ಇದೆ ಅಂದ್ರೆ ನನಗ್ಯಾಕೆ ಹೀಗಾಗ್ತಿದೆ ಡಾಕ್ಟ್ರೇ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಕಾಂಟ್ರಾಸ್ಟ್‌ನಲ್ಲಿರುವ ಗ್ಯಾಡೋಲಿನಿಯಂ ತೋರಿಸುವುದು ರಕ್ತನಾಳದ ತಡೆಗೋಡೆ ಎಲ್ಲಿ ಸೋರುತ್ತಿದೆ ಅನ್ನುವುದನ್ನು ಮಾತ್ರ. ಹೊಸ ಲೀಷನ್‌ನಲ್ಲಿ ಈ ಸೋರಿಕೆ ಕೆಲವು ವಾರ ಇದ್ದು ನಿಂತುಹೋಗುತ್ತದೆ. ಪ್ರೋಗ್ರೆಸಿವ್ ಹಂತದಲ್ಲಿ ಸೋರಿಕೆ ಕಾಣುವುದೇ ಅಪರೂಪ. ಉರಿಯೂತ ಮಾತ್ರ ಒಳಗೇ ಇರುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ.

ಆಮೇಲೆ 3 ಟೆಸ್ಲಾ ಶಕ್ತಿಯ ಎಂಆರ್‌ಐ ಮಷಿನ್‌ನಲ್ಲಿ ಎಸ್‌ಡಬ್ಲ್ಯುಐ (ಕಬ್ಬಿಣದಂಥ ವಸ್ತುಗಳನ್ನು ಎತ್ತಿ ತೋರಿಸುವ ಸ್ಕ್ಯಾನ್ ವಿಧಾನ) ಸೇರಿಸಿ, ಅದರಲ್ಲಿ ಸಿಗುವ ಫೇಸ್ ಅನ್ನುವ ಬಗೆಯ ಚಿತ್ರಗಳನ್ನು ಕೂತು ನೋಡಲು ಶುರು ಮಾಡಿದೆ. ಕೆಲವು ಹಳೆಯ ಲೀಷನ್‌ಗಳ ಅಂಚಿನಲ್ಲಿ ಕಬ್ಬಿಣ ತುಂಬಿಕೊಂಡ ಮೈಕ್ರೋಗ್ಲಿಯಾ, ಅಂದರೆ ಉರಿಯೂತವನ್ನು ಮುಂದುವರಿಸುವ ಮೆದುಳಿನ ರಕ್ಷಣಾ ಕೋಶಗಳು, ಸಾಲುಗಟ್ಟಿರುತ್ತವೆ. ಆ ಕಬ್ಬಿಣ ಫೇಸ್ ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಫ್ಲೇರ್ ಅನ್ನುವ ಮಾಮೂಲಿ ಎಂಆರ್‌ಐ ಚಿತ್ರದಲ್ಲಿ ಎಲ್ಲದರ ಹಾಗೆ ಒಂದು ಬಿಳಿ ಮಚ್ಚೆ. ಫೇಸ್‌ನಲ್ಲಿ ಅದೇ ಮಚ್ಚೆಯ ಸುತ್ತ ಸೀಸದಕಡ್ಡಿಯಲ್ಲಿ ಎಳೆದಂಥ ತೆಳು ಕಪ್ಪು ಗೆರೆ.

ಮೊದಮೊದಲು ಬಹಳ ತಪ್ಪು ಮಾಡಿದೆ. ಪಕ್ಕದಲ್ಲಿ ಹಾದುಹೋಗುವ ರಕ್ತನಾಳವನ್ನೇ ಅಂಚು ಅಂದುಕೊಂಡೆ. ಈಗ ಸ್ಲೈಸ್‌ಗಳನ್ನು ಮೇಲೆ ಕೆಳಗೆ ಓಡಿಸಿ ನೋಡುತ್ತೇನೆ. ನಾಳ ಆದರೆ ಲೀಷನ್ ಬಿಟ್ಟು ಮುಂದೆ ಹೋಗುತ್ತದೆ, ಅಂಚು ಲೀಷನ್ ಜೊತೆಗೇ ಮುಗಿಯುತ್ತದೆ. ಇನ್ನೊಂದು ತೊಂದರೆ ಇದೆ: ಒಂದು ಕಂಪನಿಯ ಮಷಿನ್‌ನಲ್ಲಿ ಕಪ್ಪಾಗಿ ಕಾಣುವುದು ಇನ್ನೊಂದರಲ್ಲಿ ಬಿಳಿಯಾಗಿ ಕಾಣಬಹುದು. ಅದಕ್ಕೇ ಮೊದಲು ಸಿರೆ (ಆಮ್ಲಜನಕ ಕಡಿಮೆಯಾದ ರಕ್ತದ ನಾಳ) ಯಾವ ಬಣ್ಣದಲ್ಲಿದೆ ಅಂತ ನೋಡಿಕೊಳ್ಳುತ್ತೇನೆ. ಆ ರಕ್ತದಲ್ಲೂ ಕಬ್ಬಿಣ ಇರುವುದರಿಂದ ಕಬ್ಬಿಣದ ಅಂಚೂ ಅದೇ ಬಣ್ಣದಲ್ಲಿ ಇರಬೇಕು ಅಲ್ವಾ? ಸುತ್ತಳತೆಯ ಮೂರರಲ್ಲಿ ಎರಡು ಪಾಲಾದರೂ ಗೆರೆ ಕಾಣದಿದ್ದರೆ ಎಣಿಸುವುದಿಲ್ಲ.

ಟಿಎಸ್‌ಪಿಒ ಪೆಟ್ ಸ್ಕ್ಯಾನ್ (ಉರಿಯೂತದ ಕೋಶಗಳಲ್ಲಿ ಹೆಚ್ಚುವ ಟಿಎಸ್‌ಪಿಒ ಪ್ರೋಟೀನನ್ನು ವಿಕಿರಣ ವಸ್ತುವಿನಿಂದ ಗುರುತಿಸುವ ಸ್ಕ್ಯಾನ್) ಇನ್ನೂ ಜಾಸ್ತಿ ತೋರಿಸುತ್ತದೆ, ಎಂಆರ್‌ಐನಲ್ಲಿ ಚೆನ್ನಾಗಿಯೇ ಕಾಣುವ ವೈಟ್ ಮ್ಯಾಟರ್ (ನರತಂತುಗಳ ಭಾಗ) ಒಳಗಿನ ಉರಿಯೂತವನ್ನೂ. ಆದರೆ ಅದಕ್ಕೆ ಚುಚ್ಚುವ ಟ್ರೇಸರ್‌ನಲ್ಲಿ (ಗುರುತು ವಸ್ತು) ಇರುವ ಕಾರ್ಬನ್-11ರ ವಿಕಿರಣ 20 ನಿಮಿಷಕ್ಕೆ ಅರ್ಧಕ್ಕೆ ಇಳಿದಿರುತ್ತದೆ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರದಲ್ಲೇ ಬೇಕು. ಹಲವು ಹೊಸ ಟ್ರೇಸರ್‌ಗಳಿಗೆ ಮೊದಲು ಜೀನ್ ಪರೀಕ್ಷೆ ಬೇರೆ, ಯಾಕೆಂದರೆ ಅವು ಎಲ್ಲರಲ್ಲೂ ಒಂದೇ ರೀತಿ ಅಂಟುವುದಿಲ್ಲ. ದಿನನಿತ್ಯದ ಕೆಲಸಕ್ಕೆ ನನಗೆ ಎಂಆರ್‌ಐ ಅಂಚೇ ಆಧಾರ. ಅಂಚು ಕಾಣಲಿಲ್ಲ ಅಂದ ಮಾತ್ರಕ್ಕೆ ಉರಿಯೂತ ಇಲ್ಲ ಅಂತ ನಾನು ಬರೆಯುವುದಿಲ್ಲ.

ವೀಲ್‌ಚೇರ್‌ನಲ್ಲಿ ಬಂದವರ ಮುಂದಿನ ಸ್ಕ್ಯಾನ್‌ನಲ್ಲಿ ಅಂಥ 4 ಲೀಷನ್ ಸಿಕ್ಕವು. ಕರೆದು ಪರದೆಯ ಮೇಲೆ ತೋರಿಸಿದೆ. ಅವರು ಗೆರೆಯ ಮೇಲೆ ಬೆರಳಿಟ್ಟು, "ಹಾಗಾದ್ರೆ ನಾನು ಸುಮ್ನೆ ಹೇಳ್ತಿರಲಿಲ್ಲ" ಅಂದರು.