ಬಿಬಿಎ, ಬಿಕಾಂ ಸಂಯೋಜಕರಾದರೆ ಮೊದಲು ಮಾಡಬೇಕಾದ್ದು

ಮೈಸೂರಿನ ಕಾಲೇಜಲ್ಲಿ ಈ ಹೊಣೆ ಸಿಕ್ಕಿತಾ? ಮೊದಲು ಯಾವ ಬ್ಯಾಚಿಗೆ ಯಾವ ಪಠ್ಯಕ್ರಮ ಅಂತ ಒಂದು ಹಾಳೆಯಲ್ಲಿ ಬರೆದಿಡಿ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಅದೇ ವರ್ಷ ಬಿಬಿಎ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಅನುಮೋದನೆಯ ಕೆಳಗೂ ಬಂತು. ಹಳೇ ಬ್ಯಾಚಿನ ಬ್ಯಾಕ್‌ಲಾಗ್ ಮಕ್ಕಳ ಪಟ್ಟಿ ಬೇರೆಯೇ ಇರಲಿ.

ಆಮೇಲೆ ಮೊದಲ ಸೆಮಿಸ್ಟರಿನ ಅಕೌಂಟಿಂಗ್ ತರಗತಿಯಲ್ಲಿ ಹೋಗಿ ಕೂತುಕೊಳ್ಳಿ. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಮಕ್ಕಳು ಸೋಲುವುದು ಲೆಕ್ಕ ಬಾರದೆ ಅಲ್ಲ, ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದೆ, ಹಾಗಾಗಿ ಇಂಟರ್ನಲ್ಸ್‌ಗೆ ಮೊದಲೇ ಅವರಿಗೆ ವಾರಕ್ಕೊಂದು ಹೆಚ್ಚುವರಿ ತರಗತಿ ಹಾಕಿಸಿ. ದಯವಿಟ್ಟು ಇದನ್ನು ಮುಂದೂಡಬೇಡಿ.

ಇಂಡಸ್ಟ್ರಿಯಲ್ ವಿಸಿಟ್‌ಗೆ ದೂರ ಹೋಗಬೇಕಿಲ್ಲ, ಪಕ್ಕದಲ್ಲೇ ಮಂಡ್ಯ ಇದೆ ಅಲ್ವಾ? ಆಲೆಮನೆಯಲ್ಲಿ ಕಬ್ಬು, ಕೂಲಿ, ಸಾಗಣೆಯ ಖರ್ಚು ಬರೆಸಿ, ಎಪಿಎಂಸಿಯ ಬೆಲ್ಲದ ಬೆಲೆ ಜೊತೆ ಹೋಲಿಸಲು ಹೇಳಿ. ಟೈಮ್‌ಟೇಬಲ್ ಮಾತ್ರ ಅತಿಥಿ ಉಪನ್ಯಾಸಕರನ್ನು ಕೇಳಿಯೇ ಮಾಡಿ.