ಯೂನಿಯನ್ ಕೆಲಸಕ್ಕೆ ಪ್ಲಂಬರ್ರೇ ಆಗಬೇಕಿಲ್ಲ

ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಹುಡುಕುತ್ತಿರುವ ನಮ್ಮವರಿಗೆ ಒಂದು ಮಾತು. ಯೂನಿಯನ್ ಅಂದರೆ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳಿಗೆ ಮಾತ್ರ ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಅತ್ತಿಗೆ ಸರ್ಕಾರಿ ಸ್ಕೂಲಿನಲ್ಲಿ ಟೀಚರ್‌ಗೆ ಸಹಾಯಕಿಯಾಗಿ ಸೇರಿದ ಮೇಲೆ ಕಣ್ಣು ತೆರೆಯಿತು.

ಸ್ಕೂಲ್ ಆಫೀಸು, ಅಡುಗೆಮನೆ, ಕೌಂಟಿ ಲೈಬ್ರರಿ, ಎಷ್ಟೋ ಆಸ್ಪತ್ರೆಗಳು, ಎಲ್ಲ ಕಡೆ ಯೂನಿಯನ್ ಇದೆ. ಸ್ಕೂಲ್ ಕೆಲಸಗಳಿಗೆ ಎಡ್‌ಜಾಯಿನ್ ಅನ್ನುವ ವೆಬ್‌ಸೈಟ್ ನೋಡಿ. ಜಾಹೀರಾತಿನಲ್ಲಿ ‘ಬಾರ್ಗೇನಿಂಗ್ ಯೂನಿಟ್’ (ಅಂದರೆ ಯೂನಿಯನ್ ಪ್ರತಿನಿಧಿಸುವ ಹುದ್ದೆಗಳ ಗುಂಪು) ಅಂತ ಎಲ್ಲೋ ಮೂಲೆಯಲ್ಲಿ ಸಣ್ಣದಾಗಿ ಬರೆದಿರುತ್ತಾರೆ. ಅದೇ ಗುರುತು.

ಅರ್ಜಿ ಹಾಕುವ ಮೊದಲು ಆ ಸ್ಕೂಲ್ ಡಿಸ್ಟ್ರಿಕ್ಟ್‌ನ ಯೂನಿಯನ್ ಒಪ್ಪಂದ ಡೌನ್‌ಲೋಡ್ ಮಾಡಿ. ಸುಮ್ನೆ ಪೂರ್ತಿ ಓದಬೇಡಿ. ಕೊನೆಯಲ್ಲಿ ಸಂಬಳದ ಪಟ್ಟಿ ಇರುತ್ತದೆ. ‘ರೇಂಜ್’ ನಿಮ್ಮ ಹುದ್ದೆ, ‘ಸ್ಟೆಪ್’ ನಿಮ್ಮ ಸರ್ವಿಸ್. ಐದು ವರ್ಷದ ನಂತರ ಎಷ್ಟು ಸಿಗುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಹೆಲ್ತ್ ಇನ್ಶೂರೆನ್ಸ್‌ಗೆ ದಿನಕ್ಕೆ ಎಷ್ಟು ಗಂಟೆ ಬೇಕು ಅನ್ನುವುದನ್ನೂ ಹುಡುಕಿ. ಅತ್ತಿಗೆ ಎಡವಿದ್ದು ಇಲ್ಲೇ. ಬೇಸಿಗೆ ರಜೆಯಲ್ಲಿ ಸಂಬಳ ಇಲ್ಲದ ಹುದ್ದೆಗಳೂ ಇವೆ, ನೆನಪಿರಲಿ.

ಕೊರಿಯರ್ ಕಂಪನಿ ಯುಪಿಎಸ್‌ನಲ್ಲಿ ಪಾರ್ಸೆಲ್ ಲೋಡ್ ಮಾಡುವ ಪಾರ್ಟ್‌ಟೈಮ್ ಕೆಲಸವೂ ಟೀಮ್‌ಸ್ಟರ್ಸ್ ಯೂನಿಯನ್‌ದೇ. 2023ರ ಒಪ್ಪಂದದಲ್ಲಿ ಆರಂಭದ ಕೂಲಿ ಗಂಟೆಗೆ 21 ಡಾಲರ್. ಬೆನ್ನು ಗಟ್ಟಿ ಇರಬೇಕು ಅಷ್ಟೇ!

ಅಂಚೆ ಇಲಾಖೆ ಒಳ್ಳೆಯದೇ. ಆದರೆ ಎಚ್-4 ಇಎಡಿ (ಎಚ್-1ಬಿ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ಕೆಲಸದ ಪರ್ಮಿಟ್) ಇರುವವರಿಗೆ ಅಲ್ಲಿ ಆಗುವುದಿಲ್ಲ. ಗ್ರೀನ್ ಕಾರ್ಡ್ ಆದರೂ ಬೇಕು.